ಸತ್ಯಜಿತ್ ರೇ ಅವರ ‘ಪ್ರತಿದ್ವಂದ್ವಿ’: ವಿಳಾಸವಿಲ್ಲದ ಸಿಟ್ಟು

ಕಲ್ಕತ್ತದ ಒಂದು ಸರ್ಕಾರಿ ಕಚೇರಿ. ಮೇಜಿನ ಆಚೆ ಬದಿಯಲ್ಲಿ ಹಿರಿಯ ಅಧಿಕಾರಿಗಳು, ಈಚೆ ಬದಿಯಲ್ಲಿ ಕೆಲಸ ಕೇಳಿಕೊಂಡು ಬಂದ ಸಿದ್ಧಾರ್ಥ ಚೌಧುರಿ ಎಂಬ ತರುಣ. ಕಳೆದ ಹತ್ತು ವರ್ಷಗಳಲ್ಲಿ ನಡೆದ ಅತ್ಯಂತ ಮಹತ್ತ್ವದ ಘಟನೆ ಯಾವುದೆಂದು ಅವನನ್ನು ಕೇಳಲಾಗುತ್ತದೆ. ವಿಯೆಟ್ನಾಂ ಯುದ್ಧ ಎಂದು ಅವನು ಉತ್ತರಿಸುತ್ತಾನೆ. ಮನುಷ್ಯ ಚಂದ್ರನ ಮೇಲೆ ಕಾಲಿಟ್ಟದ್ದಕ್ಕಿಂತಲೂ ಅದು ದೊಡ್ಡದೇ ಎಂದು ಅಧಿಕಾರಿಗೆ ಅಚ್ಚರಿ. ತರುಣ ತಾಳ್ಮೆಯಿಂದ ವಿವರಿಸುತ್ತಾನೆ: ಚಂದ್ರನನ್ನು ಮುಟ್ಟಿದ್ದು ದೊಡ್ಡ ಸಾಧನೆಯೇ ಹೌದು, ಆದರೆ ವಿಜ್ಞಾನ ಬೆಳೆಯುತ್ತಿದ್ದ ರೀತಿಯನ್ನು ಬಲ್ಲವರಿಗೆ ಅದು ತೀರ ಅನಿರೀಕ್ಷಿತವಾಗಿರಲಿಲ್ಲ; ಸಾಮಾನ್ಯ ಜನರಲ್ಲಿ ಅಂಥ ಅಸಾಧಾರಣ ಪ್ರತಿರೋಧಶಕ್ತಿ ಅಡಗಿದೆ ಎಂಬುದನ್ನು ಮಾತ್ರ ಯಾರೂ ಊಹಿಸಿರಲಿಲ್ಲ. ಉತ್ತರ ಸ್ಪಷ್ಟವಾಗಿದೆ, ತರ್ಕಬದ್ಧವಾಗಿದೆ. ಅಧಿಕಾರಿ ಅದನ್ನು ಒಪ್ಪುವುದೂ ಇಲ್ಲ, ಖಂಡಿಸುವುದೂ ಇಲ್ಲ. ಅವನು ಕಮ್ಯುನಿಸ್ಟನೇ ಎಂದಷ್ಟೇ ಕೇಳುತ್ತಾನೆ. ವಿಯೆಟ್ನಾಮನ್ನು ಮೆಚ್ಚಲು ಕಮ್ಯುನಿಸ್ಟನಾಗಬೇಕಿಲ್ಲ ಎಂದು ಸಿದ್ಧಾರ್ಥ ಹೇಳುವ ಹೊತ್ತಿಗೆ ಆ ಕೆಲಸ ಅವನ ಕೈತಪ್ಪಿ ಹೋಗಿದೆ.

ಸುನೀಲ ಗಂಗೋಪಾಧ್ಯಾಯರ ಕಾದಂಬರಿಯನ್ನು ಆಧರಿಸಿ ಸತ್ಯಜಿತ್ ರೇ ನಿರ್ದೇಶಿಸಿದ ‘ಪ್ರತಿದ್ವಂದ್ವಿ’ 1970ರಲ್ಲಿ ತೆರೆಕಂಡಿತು. ಆ ಸಾಲಿನ ರಾಷ್ಟ್ರಪ್ರಶಸ್ತಿಗಳಲ್ಲಿ ಅತ್ಯುತ್ತಮ ನಿರ್ದೇಶಕ ಎಂಬ ಮನ್ನಣೆಯನ್ನು ಅದು ರೇ ಅವರಿಗೆ ತಂದುಕೊಟ್ಟಿತು. ಚಿತ್ರಗಳ ಸಾಲಿನಲ್ಲಿ ಮಾತ್ರ ಎರಡನೆಯ ಸ್ಥಾನ ಪಡೆಯಿತು. ಮೊದಲನೆಯ ಸ್ಥಾನ ಸಂದದ್ದು ಕನ್ನಡದ ‘ಸಂಸ್ಕಾರ’ಕ್ಕೆ ಎಂಬುದನ್ನು ಕನ್ನಡಿಗರು ಅಭಿಮಾನದಿಂದ ನೆನೆಯುವುದುಂಟು. ಆದರೆ ಆ ಎರಡು ಚಿತ್ರಗಳಿಗೂ ಒಂದು ಒಳನಂಟು ಇರುವುದನ್ನು ಗಮನಿಸಿದವರು ಕಡಿಮೆ. ಒಂದು ಅಗ್ರಹಾರದ ಕಥೆ, ಇನ್ನೊಂದು ಮಹಾನಗರದ ಕಥೆ. ಎರಡರಲ್ಲಿಯೂ ವಿದ್ಯೆಯುಳ್ಳ, ಪ್ರಾಮಾಣಿಕನಾದ ಒಬ್ಬ ಮನುಷ್ಯ ತಾನು ನಿಂತ ನೆಲ ಕುಸಿಯುವುದನ್ನು ಕಾಣುತ್ತಾನೆ. ಪ್ರಾಣೇಶಾಚಾರ್ಯರಿಗೆ ಪ್ರಶ್ನೆ ಒಳಗಿನಿಂದ ಏಳುತ್ತದೆ. ಸಿದ್ಧಾರ್ಥನಿಗೆ ಅದು ಹೊರಗಿನಿಂದ, ಒಂದು ರಾಜ್ಯದ ರಾಜಕೀಯ ದುರ್ದಿನಗಳಿಂದ, ಬಂದು ಮನಸ್ಸಿನ ಒಳಗೆ ಮನೆಮಾಡುತ್ತದೆ.

ಆ ದುರ್ದಿನಗಳನ್ನು ಸ್ವಲ್ಪ ನೆನಪಿಸಿಕೊಳ್ಳಬೇಕು. ದೇಶವಿಭಜನೆಯಿಂದ ಬಂದ ನಿರಾಶ್ರಿತರ ಭಾರವನ್ನು ಬಂಗಾಳ ಇನ್ನೂ ಇಳಿಸಿಕೊಂಡಿರಲಿಲ್ಲ. 1960ರ ದಶಕದ ನಡುವಿನಿಂದ ಕಾರ್ಖಾನೆಗಳು ಸೊರಗಿದವು, ಪದವೀಧರರು ಕೆಲಸವಿಲ್ಲದೆ ಉಳಿದರು. 1967ರ ಮೇ ತಿಂಗಳಲ್ಲಿ ನಕ್ಸಲ್‌ಬಾರಿಯಲ್ಲಿ ಪೊಲೀಸರ ಗುಂಡಿಗೆ ಹೆಂಗಸರೂ ಮಕ್ಕಳೂ ಬಲಿಯಾದರು. ಅಲ್ಲಿ ಹೊತ್ತಿದ ಕಿಡಿ ಎರಡು ಮೂರು ವರ್ಷಗಳಲ್ಲಿ ಕಲ್ಕತ್ತದ ಕಾಲೇಜುಗಳಿಗೆ ಹಬ್ಬಿತು. 1967ರಲ್ಲಿಯೂ 1969ರಲ್ಲಿಯೂ ಅಧಿಕಾರಕ್ಕೆ ಬಂದ ಸಂಯುಕ್ತರಂಗದ ಸರ್ಕಾರಗಳು ಉರುಳಿ, 1970ರ ಮಾರ್ಚಿಯಲ್ಲಿ ರಾಷ್ಟ್ರಪತಿ ಆಳ್ವಿಕೆ ಜಾರಿಗೆ ಬಂದಿತು. ಬೀದಿಯಲ್ಲಿ ಬಾಂಬು, ಮನೆಗಳಲ್ಲಿ ಪೊಲೀಸರ ಶೋಧ. ತರುಣನಾಗಿರುವುದೇ ಅನುಮಾನಕ್ಕೆ ಸಾಕಾಗಿದ್ದ ಕಾಲ ಅದು. ರೇ ಅವರ ಚಿತ್ರ ಈ ಇತಿಹಾಸವನ್ನು ಹೇಳಲು ಹೋಗುವುದಿಲ್ಲ. ಬಿಸಿಲಿನಿಂದ ತಪ್ಪಿಸಿಕೊಂಡು ಸಿನಿಮಾ ಮಂದಿರದೊಳಗೆ ಕುಳಿತ ಸಿದ್ಧಾರ್ಥನ ಮುಂದೆ ಸರ್ಕಾರಿ ವಾರ್ತಾಚಿತ್ರ ಓಡುತ್ತಿರುವಾಗ ಬಾಂಬು ಸಿಡಿಯುತ್ತದೆ. ಯಾರು ಎಸೆದರು, ಏಕೆ ಎಸೆದರು ಎಂಬ ಮಾತೇ ಇಲ್ಲ. ಕಾಲದ ಪರಿಚಯಕ್ಕೆ ಅಷ್ಟು ಸಾಕು.

ರಾಜಕೀಯ ಸಂಕಟ ತರುಣರ ಮನಸ್ಸಿಗೆ ಏನು ಮಾಡುತ್ತದೆ ಎಂಬ ಪ್ರಶ್ನೆ ಬಂದಾಗ ಸಾಮಾನ್ಯವಾಗಿ ಜೈಲು, ಲಾಠಿ, ಗುಂಡು, ಸಾವು ಇವುಗಳ ಕಡೆಗೆ ಗಮನ ಹರಿಯುತ್ತದೆ. ಅದು ತಪ್ಪಲ್ಲ. ಆದರೆ ‘ಪ್ರತಿದ್ವಂದ್ವಿ’ ಅದಕ್ಕಿಂತ ಹಿಂದಿನ ಒಂದು ಗಾಯವನ್ನು ತೋರಿಸುತ್ತದೆ. ಸಂದರ್ಶನದಲ್ಲಿ ಸಿದ್ಧಾರ್ಥ ಸೋತದ್ದು ಅಜ್ಞಾನದಿಂದಲ್ಲ, ಸುಳ್ಳಿನಿಂದಲೂ ಅಲ್ಲ; ತನಗೆ ನಿಜವೆನಿಸಿದ್ದನ್ನು ಹೇಳಿದ್ದರಿಂದ. ಹಿರಿಯರು ಬಾಲ್ಯದಿಂದ ಅವನಿಗೆ ಕಲಿಸಿದ್ದೂ ಅದನ್ನೇ ಅಲ್ಲವೇ? ಸತ್ಯವನ್ನು ನುಡಿಯಬೇಕು, ಸ್ವಂತವಾಗಿ ಯೋಚಿಸಬೇಕು ಎಂದು ಪಾಠ ಹೇಳಿದ ಪೀಳಿಗೆಯೇ ಮೇಜಿನ ಆಚೆ ಕುಳಿತು ಆ ಗುಣಕ್ಕೆ ದಂಡ ವಿಧಿಸುತ್ತದೆ. ಅಲ್ಲಿಂದ ಮುಂದೆ ಅವನ ಎದುರು ಎರಡೇ ದಾರಿ. ಮನಸ್ಸಿನಲ್ಲಿ ಒಂದು, ಬಾಯಲ್ಲಿ ಒಂದು ಇಟ್ಟುಕೊಳ್ಳುವುದು. ಇಲ್ಲವೇ ಬಾಯಿ ಮುಚ್ಚುವುದು. ಎರಡೂ ದಾರಿಗಳಲ್ಲಿ ಮನುಷ್ಯ ಇಬ್ಬಾಗವಾಗುತ್ತಾನೆ. ಮನಸ್ಸಿನ ಅಸ್ವಾಸ್ಥ್ಯಕ್ಕೆ ಇದಕ್ಕಿಂತ ನಿಶ್ಚಿತವಾದ ಆರಂಭ ಬೇರೊಂದಿಲ್ಲ.

ಸಿದ್ಧಾರ್ಥ ಎರಡನ್ನೂ ಒಪ್ಪುವುದಿಲ್ಲ. ಆದ್ದರಿಂದ ಅವನಲ್ಲಿ ಉಳಿಯುವುದು ಸಿಟ್ಟು. ಚಿತ್ರದ ಹೆಸರಿಗೆ ಎದುರಾಳಿ ಎಂದರ್ಥ. ವಿಚಿತ್ರವೆಂದರೆ ಇಡೀ ಚಿತ್ರದಲ್ಲಿ ಈ ಎದುರಾಳಿ ಯಾರೆಂದು ನಿಶ್ಚಯವಾಗುವುದೇ ಇಲ್ಲ. ಬೀದಿಯಲ್ಲಿ ಒಂದು ದೊಡ್ಡ ಕಾರು ಅಪಘಾತ ಮಾಡಿ ಜನ ಚಾಲಕನ ಮೇಲೆ ಮುಗಿಬಿದ್ದಾಗ ಸಿದ್ಧಾರ್ಥನೂ ನುಗ್ಗುತ್ತಾನೆ. ಅವನ ಕೈ ಎತ್ತಿಸಿದ್ದು ಆ ಅಪಘಾತವಲ್ಲ, ತಿಂಗಳುಗಳಿಂದ ಕೂಡಿಬಿದ್ದ ಅವಮಾನ. ಕಾರಿನೊಳಗೆ ಹೆದರಿ ಕುಳಿತ ಮಗುವಿನ ಮುಖ ಕಂಡೊಡನೆ ಕೈ ಇಳಿಯುತ್ತದೆ. ತಂಗಿಯ ಬಗ್ಗೆ ಊರಾಡುವ ಮಾತನ್ನು ಕೇಳಿ, ಅವಳ ಮೇಲಧಿಕಾರಿಯನ್ನು ಪ್ರಶ್ನಿಸಲೆಂದು ಅವನ ಮನೆಗೇ ಹೋಗುತ್ತಾನೆ. ಕಲ್ಪನೆಯಲ್ಲಿ ಅವನಿಗೆ ಗುಂಡಿಡುತ್ತಾನೆ. ನಿಜದಲ್ಲಿ ನಾಲ್ಕು ಮಾತೂ ಸರಿಯಾಗಿ ಹೊರಡುವುದಿಲ್ಲ. ಮೇಲಧಿಕಾರಿ ಸಭ್ಯನಾಗಿಯೇ ಇದ್ದಾನೆ. ಸಿಟ್ಟಿಗೆ ವಿಳಾಸ ಸಿಗದೆ ಅದು ಹೊರಟಲ್ಲಿಗೇ ಮರಳಿ ಬರುತ್ತದೆ. ವ್ಯವಸ್ಥೆಯ ಕ್ರೌರ್ಯಕ್ಕೆ ಮುಖವಿಲ್ಲ. ಎದುರಿಗೆ ಸಿಗುವ ಒಂದೊಂದು ಮುಖವೂ ಮನುಷ್ಯನದೇ ಆಗಿದ್ದು, ನೋಯಿಸಲು ಮನಸ್ಸು ಬಾರದು. ಸಿದ್ಧಾರ್ಥನ ಸಂಕಟದ ಗಂಟು ಇಲ್ಲಿದೆ. ಅವನು ಇನ್ನಷ್ಟು ಕೆಟ್ಟವನಾಗಿದ್ದರೆ ಅವನ ಮನಸ್ಸು ಇಷ್ಟು ಬಳಲುತ್ತಿರಲಿಲ್ಲ.

ಈ ಬಳಲಿಕೆಯನ್ನು ತೋರಿಸಲು ರೇ ಆರಿಸಿಕೊಂಡ ಉಪಾಯ ಗಂಭೀರವಾದ ಪರಿಶೀಲನೆಗೆ ಅರ್ಹವಾಗಿದೆ. ತಂದೆ ತೀರಿಕೊಂಡದ್ದರಿಂದ ಸಿದ್ಧಾರ್ಥ ಎರಡು ವರ್ಷಗಳ ವೈದ್ಯಕೀಯ ವ್ಯಾಸಂಗವನ್ನು ಅರ್ಧಕ್ಕೆ ಬಿಟ್ಟವನು. ಆ ಸಾವಿನ ದೃಶ್ಯವೇ ಚಿತ್ರದ ಆರಂಭ. ಅದನ್ನು ರೇ ನೆಗೆಟಿವ್ ಬಿಂಬದಲ್ಲಿ, ಕಪ್ಪು ಬಿಳಿದಾಗಿ ಬಿಳಿದು ಕಪ್ಪಾಗಿ, ತೋರಿಸುತ್ತಾರೆ. ಮುಂದೆ ದಾರಿಯಲ್ಲಿ ಹೋಗುವ ಹೆಣ್ಣೊಬ್ಬಳನ್ನು ಕಂಡಾಗ ಸಿದ್ಧಾರ್ಥನ ಮನಸ್ಸಿಗೆ ಬರುವುದು ಅಂಗರಚನೆಯ ಪಾಠ. ಲೋಕ ಸಹಿಸಲಾಗದಷ್ಟು ಹತ್ತಿರ ಬಂದಾಗಲೆಲ್ಲ ಅವನು ಅದನ್ನು ಪಠ್ಯಪುಸ್ತಕದ ಚಿತ್ರವಾಗಿ ಮಾಡಿಕೊಂಡು ದೂರ ಇಡುತ್ತಾನೆ. ಇದನ್ನು ತಂತ್ರದ ಚಮತ್ಕಾರವೆಂದು ಕಂಡವರಿದ್ದಾರೆ. ವಸ್ತುತಃ ಇದು ನೊಂದ ಮನಸ್ಸು ತನ್ನನ್ನು ಕಾಪಾಡಿಕೊಳ್ಳುವ ಪರಿ. ಆ ಕಾಪು ರಾತ್ರಿಯಲ್ಲಿ ಸಡಿಲಗೊಳ್ಳುತ್ತದೆ. ಕನಸಿನಲ್ಲಿ ತಂಗಿ ಸಮುದ್ರತೀರದಲ್ಲಿ ನಿಂತಿದ್ದಾಳೆ, ತಮ್ಮ ಗುಂಡಿನ ಸಾಲಿನ ಎದುರು ಬೀಳುತ್ತಾನೆ, ಸಿದ್ಧಾರ್ಥನ ಕತ್ತಿನ ಮೇಲೆ ಶಿರಚ್ಛೇದ ಯಂತ್ರದ ಅಲಗು ಇದೆ. ಹಗಲಿನಲ್ಲಿ ಕನ್ನಡಿಯ ಮುಂದೆ ನಿಂತರೆ ಅವನ ಮುಖಕ್ಕೆ ಚೆ ಗುವಾರನ ಗಡ್ಡ ಬರುತ್ತದೆ. ಹಗಲಿನ ವೀರನೂ ರಾತ್ರಿಯ ಬಲಿಯೂ ಒಬ್ಬನೇ ಆಗಿ, ಎರಡರ ನಡುವೆ ನಿದ್ದೆಗೆಡುವ ಒಬ್ಬ ನಿರುದ್ಯೋಗಿ ಉಳಿಯುತ್ತಾನೆ.

ಕೊನೆಗೆ ಆ ಕಾಪು ಹಗಲಿನಲ್ಲಿಯೇ ಮುರಿಯುತ್ತದೆ. ಎರಡನೆಯ ಸಂದರ್ಶನದ ದೃಶ್ಯ ಭಾರತೀಯ ಚಲನಚಿತ್ರಗಳಲ್ಲಿ ಕಾಯುವಿಕೆಯನ್ನು ಕುರಿತ ಅತ್ಯಂತ ನಿಷ್ಠುರವಾದ ದೃಶ್ಯವೆಂದರೆ ಅತಿಶಯೋಕ್ತಿಯಲ್ಲ. ಬೆರಳೆಣಿಕೆಯ ಹುದ್ದೆಗಳಿಗೆ ಓಣಿಯಂತಹ ಪಡಸಾಲೆಯ ತುಂಬ ಉಮೇದುವಾರರು. ಸೆಕೆ. ಕುರ್ಚಿಗಳು ಸಾಲವು. ನಿಂತು ನಿಂತು ಒಬ್ಬ ತಲೆಸುತ್ತಿ ಬೀಳುತ್ತಾನೆ. ಸಿದ್ಧಾರ್ಥ ಒಳಗೆ ಹೋಗಿ, ಇನ್ನಷ್ಟು ಆಸನಗಳನ್ನು ಹಾಕಿಸಬೇಕೆಂದು ವಿನಂತಿಸಿದರೆ ಗದರಿಕೆ ಸಿಗುತ್ತದೆ. ಅಷ್ಟರಲ್ಲಿ ಅಧಿಕಾರಿಗಳ ಊಟದ ವೇಳೆಯಾಗುತ್ತದೆ. ಗೋಡೆಗೆ ಒರಗಿ ಕುಳಿತವರನ್ನು ಸಿದ್ಧಾರ್ಥ ನೋಡುತ್ತಾನೆ. ಅವರೆಲ್ಲ ಅಸ್ಥಿಪಂಜರಗಳಾಗಿ ಕಾಣುತ್ತಾರೆ. ಇದುವರೆಗೆ ಅವನನ್ನು ರಕ್ಷಿಸಿದ್ದ ವೈದ್ಯಕೀಯ ದೃಷ್ಟಿಯೇ ಈಗ ತಿರುಗಿ ಬಿದ್ದಿದೆ. ಆ ಪಡಸಾಲೆಯಲ್ಲಿ ಯಾರ ಮೇಲೂ ಲಾಠಿ ಬೀಳಲಿಲ್ಲ, ಯಾರನ್ನೂ ಬಂಧಿಸಲಿಲ್ಲ. ಒಂದು ಕುರ್ಚಿಯನ್ನು ಕೊಡಲಿಲ್ಲ, ಅಷ್ಟೇ. ಸಿದ್ಧಾರ್ಥ ಒಳನುಗ್ಗಿ ಮೇಜನ್ನು ಉರುಳಿಸುತ್ತಾನೆ.

ಆ ಕ್ಷಣವನ್ನು ಹೇಗೆ ಅರ್ಥೈಸಬೇಕು ಎಂಬಲ್ಲಿ ವಿಮರ್ಶೆಯ ನಿಜವಾದ ಕೆಲಸವಿದೆ. ಅದನ್ನು ಕ್ರಾಂತಿಯ ಮೊಳಕೆ ಎಂದು ಹೊಗಳಿದವರುಂಟು. ಅದು ಬರಿಯ ಸ್ಫೋಟ, ಅದರಿಂದ ಏನೂ ಬದಲಾಗಲಿಲ್ಲ, ರೇ ಅವರಿಗೆ ರಾಜಕೀಯ ಧೈರ್ಯ ಸಾಲದು ಎಂದು ತೆಗಳಿದವರೂ ಉಂಟು. ಎರಡೂ ಕಡೆಯವರು ಕೇಳಿದ್ದು ಆ ತರುಣನಿಂದ ಸಮಾಜಕ್ಕೆ ಏನು ಉಪಯೋಗವಾಯಿತು ಎಂಬ ಪ್ರಶ್ನೆಯನ್ನು. ಅವನಿಗೆ ಏನಾಯಿತು ಎಂಬ ಪ್ರಶ್ನೆ ಹಿಂದೆ ಬಿದ್ದಿತು. ಈ ದೃಶ್ಯದ ಬೆಲೆಯನ್ನು ಅರಿಯಬೇಕಾದರೆ ರೇ ಅವರ ಕಲ್ಕತ್ತ ಚಿತ್ರತ್ರಯದ ಕೊನೆಯ ಕೃತಿ ‘ಜನ ಅರಣ್ಯ’ವನ್ನು ಇದರ ಪಕ್ಕದಲ್ಲಿ ಇಡಬೇಕು. 1976ರಲ್ಲಿ, ತುರ್ತುಪರಿಸ್ಥಿತಿಯ ನಡುವೆ, ತೆರೆಕಂಡ ಆ ಚಿತ್ರದ ಸೋಮನಾಥ ಸಿದ್ಧಾರ್ಥನ ತಮ್ಮನಂತಿರುವ ಹುಡುಗ. ಉತ್ತರಪತ್ರಿಕೆ ತಿದ್ದುವವನಿಗೆ ಕನ್ನಡಕವಿಲ್ಲದೆ ಇವನ ಸಣ್ಣ ಅಕ್ಷರ ಕಾಣಲಿಲ್ಲ. ಆ ಕಾರಣಕ್ಕೆ ಆನರ್ಸ್ ತಪ್ಪುತ್ತದೆ. ಕೆಲಸ ಸಿಗದೆ ದಲ್ಲಾಳಿಯಾಗುತ್ತಾನೆ. ಒಂದು ಗುತ್ತಿಗೆಗಾಗಿ ಗಿರಾಕಿಯ ಬಳಿಗೆ ಹೆಣ್ಣನ್ನು ಕರೆದೊಯ್ಯಬೇಕಾಗಿ ಬಂದು, ಅವಳು ತನ್ನ ಗೆಳೆಯನ ತಂಗಿ ಎಂದು ತಿಳಿದ ಮೇಲೂ ಕರೆದೊಯ್ಯುತ್ತಾನೆ. ಅವನು ಯಾವ ಮೇಜನ್ನೂ ಉರುಳಿಸುವುದಿಲ್ಲ. ಮನೆಗೆ ಬಂದು, ಗುತ್ತಿಗೆ ಸಿಕ್ಕಿತು ಎನ್ನುತ್ತಾನೆ, ತಂದೆಗೆ ಸಮಾಧಾನವಾಗುತ್ತದೆ.

ಲೋಕದ ಕಣ್ಣಿಗೆ ಸೋಮನಾಥ ನೆಲೆಗೊಂಡವನು, ಸಿದ್ಧಾರ್ಥ ಹದಗೆಟ್ಟವನು. ಎರಡು ಚಿತ್ರಗಳನ್ನೂ ನೋಡಿದವರಿಗೆ ಇದು ತಲೆಕೆಳಗಾಗಿ ಕಾಣಬೇಕು. ಅಸ್ಥಿಪಂಜರಗಳನ್ನು ಕಂಡು ಚೀರುವ ಮನಸ್ಸಿನಲ್ಲಿ ಇನ್ನೂ ಆರೋಗ್ಯವಿದೆ. ಕಾಣುವುದನ್ನೇ ನಿಲ್ಲಿಸಿದ ಮನಸ್ಸಿಗೆ ಯಾವ ಲಕ್ಷಣವೂ ತೋರುವುದಿಲ್ಲ. ಅದರ ಕೇಡು ತಂದೆಗೂ ತಿಳಿಯುವುದಿಲ್ಲ. ಮಗ ದುಡಿಯತೊಡಗಿದ, ಸಿಡುಕು ಬಿಟ್ಟ, ಎದುರು ಮಾತಾಡುವುದಿಲ್ಲ ಎಂದು ನಿಟ್ಟುಸಿರಿಡುವ ಮನೆಗಳು ಯಾವ ಊರಿನಲ್ಲಿ ಇಲ್ಲ?

ಇಷ್ಟು ಹೇಳಿದ ಮೇಲೆ ‘ಪ್ರತಿದ್ವಂದ್ವಿ’ಯ ಎರಡು ಕೊರತೆಗಳನ್ನೂ ಹೇಳದಿರುವುದು ನ್ಯಾಯವಲ್ಲ. ಮೊದಲನೆಯದು ತಮ್ಮ ಟುನುವಿನ ಚಿತ್ರಣ. ಟುನು ನಕ್ಸಲ್ ಚಳವಳಿಗೆ ಸೇರಿದವನು. ಅಣ್ಣತಮ್ಮಂದಿರ ಸಂಬಂಧದ ಹಿನ್ನೆಲೆಯಾಗಿ ಬಾಲ್ಯದಲ್ಲಿ ಕಂಡ, ಕೋಳಿಯನ್ನು ಕೊಯ್ಯುವ ಒಂದು ಘೋರ ನೆನಪು ಬರುತ್ತದೆ. ಹಿಂಸೆಯ ಎದುರು ಅಣ್ಣನ ಮನಸ್ಸು ಅಳುಕುವಂಥದು, ತಮ್ಮನದು ಗಟ್ಟಿಯಾದದ್ದು ಎಂಬ ಸೂಚನೆ ಅಲ್ಲಿದೆ. ಆದರೆ ಗಟ್ಟಿಯಾಗುವುದೂ ಒಂದು ಗಾಯವೇ ಇರಬಹುದೆಂದು ಚಿತ್ರ ವಿಚಾರಿಸುವುದಿಲ್ಲ. ಅಣ್ಣನಿಗೆ ತಮ್ಮನ ದಿಟ್ಟತನದ ಬಗ್ಗೆ ಮೆಚ್ಚುಗೆಯಿದೆ, ಆದರೂ ಸಂಶಯಗಳುಳ್ಳ ಅಣ್ಣನೇ ತಮಗೆ ಹೆಚ್ಚು ಆಸಕ್ತಿಯ ವ್ಯಕ್ತಿ, ಒಂದು ಧ್ಯೇಯಕ್ಕೆ ತನ್ನನ್ನು ಒಪ್ಪಿಸಿಕೊಂಡವನು ಅದರ ಭಾಗವಾಗಿಬಿಡುತ್ತಾನೆ ಎಂಬರ್ಥದ ಮಾತನ್ನು ರೇ ಮುಂದೆ ಒಂದು ಸಂದರ್ಶನದಲ್ಲಿ ಹೇಳಿದ್ದುಂಟು. ಕಲಾವಿದನಿಗೆ ಆಯ್ಕೆಯ ಸ್ವಾತಂತ್ರ್ಯವಿದೆ. ಆದರೆ ಧ್ಯೇಯವನ್ನು ಹಿಡಿದವನ ಮನಸ್ಸು ಅಲ್ಲಿಗೆ ಮುಗಿದ ಅಧ್ಯಾಯ ಎನ್ನುವುದು ಒಪ್ಪತಕ್ಕ ಮಾತಲ್ಲ. ನಿದ್ದೆಗೆಡುವುದು ಸಂಶಯವಿರುವವನೊಬ್ಬನೇ ಅಲ್ಲ.

ರೇ ಬಿಟ್ಟ ಆ ಎಡೆಯನ್ನು ತುಂಬಿದವರು ಮಹಾಶ್ವೇತಾ ದೇವಿ. 1974ರಲ್ಲಿ ಬಂದ ‘ಹಜಾರ್ ಚುರಾಶಿರ್ ಮಾ’ ಕಾದಂಬರಿಯಲ್ಲಿ ಮಗ ವ್ರತಿ ಆಗಲೇ ಶವಾಗಾರದ 1084ನೆಯ ಹೆಣವಾಗಿದ್ದಾನೆ. ಅವನನ್ನು ಬದುಕಿದ್ದಾಗ ಅರಿಯದ ತಾಯಿ ಸುಜಾತಾ, ಅವನ ಸಾವಿನ ಬಳಿಕ ಒಂದೇ ದಿನದ ಅಲೆದಾಟದಲ್ಲಿ ಅರಿಯುತ್ತಾಳೆ. ಆ ಅಲೆದಾಟದಲ್ಲಿ ಅವಳಿಗೆ ಸಿಗುವ ನಂದಿನಿ ಈ ವಿಷಯಕ್ಕೆ ಬಹು ಮುಖ್ಯಳಾದವಳು. ವ್ರತಿಯ ಸಂಗಾತಿಯಾಗಿದ್ದ ಅವಳು ಪೊಲೀಸ್ ವಿಚಾರಣೆಯ ಪ್ರಖರ ದೀಪದ ಕೆಳಗೆ ಕಣ್ಣುಗಳನ್ನು ಕೆಡಿಸಿಕೊಂಡು ಹೊರಬಂದಿದ್ದಾಳೆ. ಹೊರಗೆ ನಗರ ಎಂದಿನಂತೆ ನಡೆದಿದೆ, ಏನೂ ಆಗಿಲ್ಲವೆಂಬಂತೆ. ತನಗಾದ ಹಿಂಸೆಗಿಂತ ಈ ‘ಎಂದಿನಂತೆ’ ಅವಳಿಗೆ ದುಸ್ಸಹ. ಇತ್ತ ವ್ರತಿಯ ತಂದೆ ಮಗನ ಹೆಸರು ಪತ್ರಿಕೆಯಲ್ಲಿ ಬಾರದಂತೆ ಓಡಾಡಿ ಯಶಸ್ವಿಯಾದವನು. ಸತ್ತ ಮಗನನ್ನು ಮರೆಸುವುದು, ಬದುಕಿದ ಹುಡುಗಿಗೆ ಎಲ್ಲ ಸರಿಯಾಗಿದೆ ಎನ್ನುವುದು: ಇವೆರಡೂ ಒಂದೇ ಸಭ್ಯತೆಯ ಎರಡು ಕೆಲಸಗಳೆಂಬುದನ್ನು ಆ ಕಾದಂಬರಿ ಕಾಣಿಸುತ್ತದೆ. ಟುನುವಿಗೂ ಹೀಗೊಬ್ಬ ತಾಯಿ ಇದ್ದಾಳೆ. ‘ಪ್ರತಿದ್ವಂದ್ವಿ’ಯಲ್ಲಿ ಅವಳಿಗೆ ಹೆಚ್ಚು ಮಾತಿಲ್ಲ.

ಎರಡನೆಯ ಕೊರತೆ ತಂಗಿ ಸುತಪಾಳ ವಿಷಯದಲ್ಲಿದೆ, ಮತ್ತು ಅದು ಮೊದಲನೆಯದಕ್ಕಿಂತ ದೊಡ್ಡದು. ಮನೆಯಲ್ಲಿ ಸಂಬಳ ತರುತ್ತಿರುವವಳು ಅವಳು. ಅಣ್ಣನ ಸಿಟ್ಟು, ತಮ್ಮನ ಕ್ರಾಂತಿ, ಎರಡಕ್ಕೂ ಅನ್ನ ಹುಟ್ಟುವುದು ಅವಳ ದುಡಿಮೆಯಿಂದ. ಅದೇ ದುಡಿಮೆಯ ಕಾರಣದಿಂದ ಅವಳ ಮೇಲೆ ಅಪವಾದ. ಅದನ್ನು ಮನೆಯವರೂ ಅರ್ಧ ನಂಬಿದ್ದಾರೆ. ಕೆಟ್ಟ ಕಾಲದ ಭಾರ ಗಂಡುಮಕ್ಕಳ ಮನಸ್ಸಿನ ಮೇಲೆ ಬಿದ್ದರೆ ಅದು ಕನಸಾಗಿ, ಭ್ರಮೆಯಾಗಿ, ಕಲೆಗೆ ವಸ್ತುವಾಗುತ್ತದೆ. ಹೆಣ್ಣುಮಗಳ ಮೇಲೆ ಬಿದ್ದಾಗ ಅದು ಚಾರಿತ್ರ್ಯದ ಪ್ರಶ್ನೆಯಾಗುತ್ತದೆ. ಚಿತ್ರ ಅವಳನ್ನು ಹೆಚ್ಚಾಗಿ ಅಣ್ಣನ ಕಣ್ಣಿನಿಂದಲೇ ನೋಡುತ್ತದೆ. ಅವಳು ತನ್ನ ಕೆಲಸದ ಬಗ್ಗೆ ನಾಚಿಕೆಪಡುವುದಿಲ್ಲ, ಮುಂದೆ ಬರಬೇಕೆಂಬ ಆಸೆಯನ್ನು ಬಚ್ಚಿಡುವುದಿಲ್ಲ. ಇಷ್ಟನ್ನು ತೋರಿಸಿದ ಪ್ರಾಮಾಣಿಕತೆ ರೇ ಅವರದು. ಅವಳ ಕನಸಿನೊಳಗೆ ಒಮ್ಮೆಯೂ ಹೋಗದಿದ್ದುದೂ ಅವರದೇ.

ಇವುಗಳ ನಡುವೆ ಸಿದ್ಧಾರ್ಥನಿಗೆ ಒದಗುವ ಒಂದೇ ಆಸರೆ ಕೇಯಾ. ಅವಳ ಮನೆಯಲ್ಲಿ ದೀಪ ಆರಿದಾಗ ಫ್ಯೂಸ್ ಹಾಕಿಕೊಟ್ಟು ಆದ ಪರಿಚಯ ಅದು. ಅವನು ಏನನ್ನೂ ಸಾಬೀತುಪಡಿಸಬೇಕಿಲ್ಲದ ಎದುರುಮುಖ ಇಡೀ ನಗರದಲ್ಲಿ ಅವಳೊಬ್ಬಳದೇ. ಎತ್ತರದ ಕಟ್ಟಡವೊಂದರ ಮೇಲೆ ಇಬ್ಬರೂ ನಿಂತು ಮಾತಾಡುತ್ತಾರೆ. ಬಹು ಕೆಳಗೆ ಮೈದಾನದಲ್ಲಿ ರಾಜಕೀಯ ಸಭೆ ನಡೆದಿದೆ. ರೇ ಇಲ್ಲಿ ಸಭೆಯನ್ನು ಹಾಸ್ಯ ಮಾಡುವುದಿಲ್ಲ, ಪ್ರೇಮವನ್ನು ಅದಕ್ಕಿಂತ ಎತ್ತರದ್ದೆಂದೂ ಸಾರುವುದಿಲ್ಲ. ಇಬ್ಬರು ಎಳೆಯರಿಗೆ ಉಸಿರಾಡಲು ಅಷ್ಟು ಮೇಲೆ ಹತ್ತಬೇಕಾಯಿತು ಎಂಬುದಷ್ಟೇ ಮನಸ್ಸಿನಲ್ಲಿ ನಿಲ್ಲುತ್ತದೆ.

ಮೇಜು ಉರುಳಿಸಿದವನಿಗೆ ಕಲ್ಕತ್ತದಲ್ಲಿ ಕೆಲಸವಿಲ್ಲ. ಔಷಧ ಕಂಪನಿಯ ಮಾರಾಟದ ಕೆಲಸ ಹಿಡಿದು ಬಾಲೂರ್‌ಘಾಟ್ ಎಂಬ ಸಣ್ಣ ಊರಿಗೆ ಹೋಗುತ್ತಾನೆ. ವೈದ್ಯನಾಗಬೇಕೆಂದಿದ್ದವನು ವೈದ್ಯರ ಬಾಗಿಲಲ್ಲಿ ಮಾದರಿ ಔಷಧಗಳನ್ನು ಹಿಡಿದು ಕಾಯಬೇಕು. ಮತ್ತೆ ಕಾಯುವ ಕೆಲಸವೇ. ಅಲ್ಲಿನ ಹೋಟೆಲಿನ ಕೋಣೆಯಲ್ಲಿ ಕುಳಿತು ಕೇಯಾಳಿಗೆ ಪತ್ರ ಬರೆಯುತ್ತಿರುವಾಗ, ಬಾಲ್ಯದಲ್ಲಿ ಕೇಳಿದ್ದ, ನಗರದಲ್ಲಿ ಎಷ್ಟು ಹುಡುಕಿದರೂ ಸಿಗದಿದ್ದ ಒಂದು ಹಕ್ಕಿಯ ಕೂಗು ಕೇಳಿಸುತ್ತದೆ. ಇದನ್ನು ಶಾಂತಿಯ ಪ್ರಾಪ್ತಿ ಎಂದು ವ್ಯಾಖ್ಯಾನಿಸುವುದು ಸುಲಭ, ಹಾಗೆ ವ್ಯಾಖ್ಯಾನಿಸಿದವರೂ ಬಹಳ. ಆದರೆ ಹಕ್ಕಿಯ ಕೂಗಿನ ಜೊತೆಯಲ್ಲಿಯೇ ರೇ ಇನ್ನೊಂದು ಧ್ವನಿಯನ್ನೂ ಇಟ್ಟಿದ್ದಾರೆ. ಹೊರಗೆ ಬೀದಿಯಲ್ಲಿ ಒಂದು ಹೆಣವನ್ನು ಒಯ್ಯುತ್ತಿದ್ದಾರೆ. ಹೊತ್ತವರು ರಾಮನ ಹೆಸರನ್ನು ಹೇಳುತ್ತ ನಡೆದಿದ್ದಾರೆ. ತಂದೆಯ ಸಾವಿನಿಂದ ತೊಡಗಿದ ಚಿತ್ರ ಯಾರದೋ ಗುರುತಿಲ್ಲದ ಸಾವಿನ ಬಳಿಗೆ ಬಂದು ನಿಂತಿದೆ. ಸಿದ್ಧಾರ್ಥ ಎದ್ದು ಹೊರಗೆ ಬರುತ್ತಾನೆ. ಎರಡೂ ಧ್ವನಿಗಳು ಅವನ ಕಿವಿಯಲ್ಲಿರುವಾಗಲೇ ತಿರುಗಿ ಪ್ರೇಕ್ಷಕರ ಕಡೆ ನೋಡುತ್ತಾನೆ. ಅವನ ಪತ್ರ ಇನ್ನೂ ಮುಗಿದಿಲ್ಲ.